ಸ್ಟೆಂಟ್ ಹಾಕಿಸಿಕೊಂಡ ಮೇಲೆ ಜಗುಲಿಗೆ ಬಂದ ಹಾಸಿಗೆ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ತಿಪಟೂರು ಸೀಮೆಯ 52 ವರ್ಷದ ಕೊಬ್ಬರಿ ವ್ಯಾಪಾರಿಯೊಬ್ಬರನ್ನು ಅವರ ಹೆಂಡತಿ ನನ್ನ ಬಳಿ ಕರೆತಂದಾಗ, ಹೃದಯಾಘಾತವಾಗಿ ಸ್ಟೆಂಟ್ (ರಕ್ತನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ) ಹಾಕಿಸಿಕೊಂಡು ನಾಲ್ಕು ತಿಂಗಳು ಕಳೆದಿತ್ತು. ಮೊದಲ ತಿಂಗಳು ಬೀಡಿ ಮುಟ್ಟದಿದ್ದವರು ಈಗ ದಿನಕ್ಕೊಂದು ಕಟ್ಟು ಮುಗಿಸುತ್ತಿದ್ದರು. ಎದೆನೋವು ಇಲ್ಲವಲ್ಲ ಎಂದು ಹತ್ತು ದಿನಗಳಿಂದ ಮಾತ್ರೆಯನ್ನೂ ಬಿಟ್ಟಿದ್ದರು. "ಬ್ಲಾಕ್ ತೆಗೆದಾಯಿತಲ್ಲ ಮೇಡಂ, ಇನ್ನೇನಿದೆ?" ಎಂದರು.

ಮಾತ್ರೆಯ ವಿಷಯ ಮರುದಿನಕ್ಕೆ ಕಾಯುವಂಥದ್ದಲ್ಲ. ಸ್ಟೆಂಟ್ ರಕ್ತನಾಳದ ಒಂದು ಜಾಗವನ್ನು ಮಾತ್ರ ತೆರೆದಿಡುತ್ತದೆ, ಕೊಬ್ಬು ಕಟ್ಟುವ ಕಾಯಿಲೆ ಉಳಿದೇ ಇರುತ್ತದೆ, ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಬಹುದು ಎಂದು ವಿವರಿಸಿ, ಅಂದೇ ಅವರನ್ನು ವೈದ್ಯರ ಬಳಿಗೆ ಕಳುಹಿಸಿದೆ. ಇಂಥ ಆಘಾತದ ನಂತರ ಈ ಎರಡೂ ಮಾತ್ರೆಗಳನ್ನು ಸಾಮಾನ್ಯವಾಗಿ 12 ತಿಂಗಳು ಕೊಡುತ್ತಾರೆ. ಬಿಡುವುದು, ಬದಲಿಸುವುದು ವೈದ್ಯರ ತೀರ್ಮಾನ. ಬೀರುವಿನೊಳಗಿದ್ದ ಮಾತ್ರೆಗಳು ಮರುದಿನದಿಂದ ಊಟದ ತಟ್ಟೆಗಳ ಪಕ್ಕಕ್ಕೆ ಬಂದವು.

ಎರಡನೆಯ ಭೇಟಿಯಲ್ಲಿ ಅವರೊಬ್ಬರನ್ನೇ ಕೂರಿಸಿಕೊಂಡು ಮಾತನಾಡಿದೆ. ಆಸ್ಪತ್ರೆಯಿಂದ ಬಂದಂದಿನಿಂದ ಅವರು ಜಗುಲಿಯಲ್ಲಿ ಮಲಗುತ್ತಿದ್ದರು. ದೀಪ ಆರಿಸುತ್ತಿರಲಿಲ್ಲ. ಎದೆಯ ಮೇಲೆ ಅಂಗೈಯಿಟ್ಟು ಬಡಿತ ಎಣಿಸುತ್ತ, ನಡುರಾತ್ರಿ ಎದ್ದು ಬೀಡಿ ಹಚ್ಚುತ್ತಿದ್ದರು. "ಕಣ್ಣು ಮುಚ್ಚಿದರೆ ಮತ್ತೆ ತೆರೆಯುತ್ತದೋ ಇಲ್ಲವೋ" ಎಂದಾಗ ಅವರ ಕೈ ಅಂಗಿಯ ಗುಂಡಿಯನ್ನು ತಿರುವುತ್ತಲೇ ಇತ್ತು. ಹೆಂಡತಿಯಾದರೋ ಇದನ್ನು ತಮ್ಮ ಮೇಲಿನ ಮುನಿಸೆಂದು ಭಾವಿಸಿ, ಬೀಡಿ ಕಟ್ಟನ್ನು ಬಚ್ಚಿಡುತ್ತ, ಮಕ್ಕಳೆದುರು ಬಯ್ಯುತ್ತ ಬಂದಿದ್ದರು. ಹಟವೆಂದು ಮನೆಯವರು ಕರೆಯುವುದು ಎಷ್ಟೋ ಸಲ ಭಯವೇ ಆಗಿರುತ್ತದೆ. ಅದನ್ನು ಕೇಳಿಸಿಕೊಳ್ಳದೆ ಪಥ್ಯದ ಪಟ್ಟಿ ಕೊಟ್ಟರೆ ಅದು ಕ್ಯಾಲೆಂಡರಿನ ಹಿಂದೆ ಸೇರುತ್ತದೆ.

ಆದ್ದರಿಂದ ಮೊದಲು ದಂಪತಿಯನ್ನು ಒಟ್ಟಿಗೆ ಕೂರಿಸಿ ಈ ಭಯವನ್ನು ಗಂಡನ ಬಾಯಿಂದಲೇ ಹೇಳಿಸಿದೆ. ಸಲೀಸಾಗಿ ಎರಡು ಮಹಡಿ ಮೆಟ್ಟಿಲು ಹತ್ತಬಲ್ಲವರಿಗೆ ದಾಂಪತ್ಯ ಸುಖವೂ ಸಾಮಾನ್ಯವಾಗಿ ಅಪಾಯಕರವಲ್ಲ, ವೈದ್ಯರನ್ನು ಸಂಕೋಚವಿಲ್ಲದೆ ಕೇಳಿ ಎಂದೂ ಹೇಳಿದೆ. ಇದನ್ನು ರೋಗಿಗಳು ತಾವಾಗಿ ಕೇಳುವುದು ಬಹಳ ಕಡಿಮೆ. ಬಯ್ಯುವುದನ್ನು, ಬಚ್ಚಿಡುವುದನ್ನು ಬಿಡುವಂತೆ ಹೆಂಡತಿಗೆ ತಿಳಿಸಿದೆ.

ಬೀಡಿಗೆ ಬಲವಾದ ಎರಡು ಗಂಟುಗಳಿದ್ದವು: ನಡುರಾತ್ರಿ, ಮತ್ತು ಮಂಡಿಯ ಪಕ್ಕದ ಟೀ ಅಂಗಡಿ. ಟೀಯನ್ನು ಮನೆಯಲ್ಲೇ ಕುಡಿದು ಹೊರಡುವುದು, ಆಸೆ ಎದ್ದಾಗ ನೀರು ಕುಡಿದು ಹತ್ತು ನಿಮಿಷ ತಳ್ಳುವುದು, 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡುವುದು, ನಿಕೋಟಿನ್ ಗಮ್ ಬೇಕಾದರೆ ವೈದ್ಯರನ್ನು ಕೇಳುವುದು ಎಂದು ಒಪ್ಪಂದವಾಯಿತು. ವೈದ್ಯರ ಒಪ್ಪಿಗೆ ಪಡೆದು ತೋಟದಲ್ಲಿ ಹತ್ತು ನಿಮಿಷ ನಡೆಯುವುದರಿಂದ ಆರಂಭಿಸಿ, ಮಾತನಾಡಲು ಉಸಿರು ಸಾಲುವಷ್ಟೇ ವೇಗದಲ್ಲಿ, ವಾರಕ್ಕೆ 150 ನಿಮಿಷದವರೆಗೆ ಹೋಗುವ ಗುರಿ ಇಟ್ಟೆವು. ಎದೆ ಹಿಡಿದಂತಾದರೆ ಅಲ್ಲೇ ಕೂರಬೇಕು, ಕಡಿಮೆಯಾಗದಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು.

ಉಪ್ಪಿನ ಲೆಕ್ಕ ಹೆಂಡತಿಗೆ ಹಿಡಿಸಿತು. ಪೊಟ್ಟಣ ಒಡೆದ ದಿನಾಂಕವನ್ನು ಅದರ ಮೇಲೇ ಬರೆಯಲು ಹೇಳಿದ್ದೆ. ನಾಲ್ಕು ಜನರ ಮನೆಯಲ್ಲಿ ಒಂದು ಕೆ.ಜಿ. 25 ದಿನಕ್ಕೆ ಮುಗಿದಿತ್ತು, ಅಂದರೆ ತಲೆಗೆ ದಿನಕ್ಕೆ 10 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಮಿಗಿಂತ ಕಡಿಮೆ. ಮುದ್ದೆ, ಸೊಪ್ಪಿನ ಸಾರು ಬಿಡಬೇಕಿಲ್ಲ. ಸಾರಿಗೆ ಉಪ್ಪು ತಗ್ಗಿಸಿ, ಮಜ್ಜಿಗೆಗೆ ಹಾಕುವುದನ್ನು ನಿಲ್ಲಿಸಿ, ಹಪ್ಪಳ, ಉಪ್ಪಿನಕಾಯಿಗಳನ್ನು ಹಬ್ಬಕ್ಕೆ ಇಟ್ಟುಕೊಳ್ಳಿ ಎಂದೆ.

ಮೂರನೆಯ ತಿಂಗಳಿಗೆ ಬೀಡಿ ದಿನಕ್ಕೆ ಎರಡಕ್ಕೆ ಇಳಿದಿದೆ, ಆದರೆ ನಿಂತಿಲ್ಲ. ದಿನಕ್ಕೆ ಎರಡೇ ಬೀಡಿಯಾದರೂ ಹೃದಯಕ್ಕೆ ಹಾನಿಯೇ ಎಂಬುದನ್ನು ಮುಚ್ಚಿಡದೆ ಹೇಳಿ, ಪೂರ್ತಿ ಬಿಡುವ ದಿನವನ್ನು ಅವರಿಂದಲೇ ಗೊತ್ತುಮಾಡಿಸಿದ್ದೇನೆ. ಮಾತ್ರೆ ಒಂದು ದಿನವೂ ತಪ್ಪಿಲ್ಲ, ಹಾಸಿಗೆ ಜಗುಲಿಯಿಂದ ಒಳಗೆ ಬಂದಿದೆ. ಇಷ್ಟು ದಿನ ತಮ್ಮ ರಕ್ತದೊತ್ತಡವನ್ನು ಒಮ್ಮೆಯೂ ನೋಡಿಸಿಕೊಳ್ಳದ ಹೆಂಡತಿಗೆ, ಮುಂದಿನ ಭೇಟಿಗೆ ಬರುವ ಮೊದಲು ಅದನ್ನು ಪರೀಕ್ಷಿಸಿಕೊಂಡು ಚೀಟಿ ತರಲು ತಿಳಿಸಿದ್ದೇನೆ.