ತೊಗರಿ ಮೇಲೆ ತೊಗರಿ ಬಿತ್ತಿದರೆ

ಪ್ರಶ್ನೆ: ನಮ್ಮದು ಆರು ಎಕರೆ ಎರೆ (ಕಪ್ಪು ಮಣ್ಣಿನ) ಹೊಲ. ಮಳೆ ಬಿಟ್ಟರೆ ಬೇರೆ ನೀರಿಲ್ಲ. ಎಷ್ಟೋ ವರ್ಷದಿಂದ ತೊಗರಿ ಒಂದನ್ನೇ ಬಿತ್ತುತ್ತಿದ್ದೇವೆ. ಈಗ ಕಾಯಿ ಹಿಡಿಯೋ ಹೊತ್ತಿಗೆ ಅಲ್ಲಲ್ಲಿ ಗಿಡ ನಿಂತಲ್ಲೇ ಒಣಗುತ್ತಿವೆ. ತೊಗರಿ ಬಿಟ್ಟು ಹತ್ತಿ ಹಾಕೋಣ್ವಾ?
– ಓದುಗರು, ಜೇವರ್ಗಿ ತಾಲ್ಲೂಕು

ಉತ್ತರ: ತೊಗರಿ ಬಿಡಬೇಡಿ, ವರ್ಷಾ ವರ್ಷಾ ಅದನ್ನೇ ಬಿತ್ತೋದನ್ನು ಬಿಡಿ. ಒಣಗಿದ ಗಿಡ ಕಿತ್ತು ಬುಡದ ಕಾಂಡ ಸೀಳಿ ನೋಡಿ. ಒಳಗೆ ಕಂದು, ಕಪ್ಪು ಗೆರೆ ಕಂಡರೆ ಅದು ನೆಟೆ ರೋಗ. ಇದರ ಶಿಲೀಂಧ್ರ ಮಣ್ಣಿನಲ್ಲಿ ಮತ್ತು ಕೊಯ್ದ ಮೇಲೆ ಹೊಲದಲ್ಲೇ ಉಳಿದ ತೊಗರಿ ಬುಡ, ಅಂದರೆ ಕೂಳೆಯಲ್ಲಿ ವರ್ಷಗಟ್ಟಲೆ ಬದುಕುತ್ತದೆ, ನೀವು ಮತ್ತೆ ತೊಗರಿ ಬಿತ್ತಿದಾಗ ಬೇರಿನಿಂದ ಒಳಗೆ ಹೋಗುತ್ತದೆ, ಆಮೇಲೆ ಎಷ್ಟು ಔಷಧಿ ಹೊಡೆದರೂ ಆ ಗಿಡ ಉಳಿಯೋದಿಲ್ಲ. ಆದ್ದರಿಂದ ಕೂಳೆಯನ್ನು ಬುಡಸಮೇತ ಕಿತ್ತು ಸುಟ್ಟುಬಿಡಿ.

ಹತ್ತಿಗೆ ಖರ್ಚು ಜಾಸ್ತಿ, ಮಳೆ ಕೈಕೊಟ್ಟರೆ ಸಾಲ ಉಳಿಯುತ್ತದೆ. ನಿಮ್ಮ ಹೊಲ ಆಳವಾದ ಎರೆ ಆಗಿದ್ದರೆ ಜೋಳವೇ ಒಳ್ಳೆಯದು. ಮುಂಗಾರಿಗೆ ಹೆಸರು ಬಿತ್ತಿ. ಅದು 65–70 ದಿನಕ್ಕೆ ಕೈಗೆ ಬರುತ್ತದೆ. ಹೊಲ ಹರಗಿ ಹದ ಉಳಿಸಿಕೊಂಡು, ಸೆಪ್ಟೆಂಬರ್ ಕೊನೆಗೆ ಹಿಂಗಾರಿ ಜೋಳ ಬಿತ್ತಿ. ಜೋಳ ಬೆಳೆದ ಹೊಲದಲ್ಲಿ ನೆಟೆ ಕಾಟ ಚೆನ್ನಾಗಿ ತಗ್ಗುತ್ತದೆ. ಕಾಳಿಗೆ ರೇಟು ಕಡಿಮೆ ಅನ್ನಬಹುದು, ಆದರೆ ದನಕ್ಕೆ ಹಾಕುವ ಒಣ ದಂಟು, ಅಂದರೆ ಕಣಕಿಯ ಬೆಲೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಮರುವರ್ಷ ಹಿಂಗಾರಿಗೆ ಕಡಲೆ. ಕಡಲೆಗೂ ಸೊರಗು ರೋಗ ಬರುತ್ತದೆ, ಆದರೆ ಅದರ ಶಿಲೀಂಧ್ರವೇ ಬೇರೆ, ತೊಗರಿಯದು ಅದಕ್ಕೆ ತಗಲುವುದಿಲ್ಲ. ಹಾಗಂತ ಕಡಲೆ ಮೇಲೆ ಕಡಲೆಯೂ ಬೇಡ.

ಮೂರನೇ ವರ್ಷ ತೊಗರಿಗೆ ಬನ್ನಿ, ಆಗಲೂ ನಡುವೆ ಜೋಳದ ಸಾಲು ಇರಲಿ. ರೋಗ ಬಂದ ಹೊಲದ ಕಾಳನ್ನು ಬೀಜಕ್ಕೆ ಇಟ್ಟುಕೊಳ್ಳಬೇಡಿ. ನೆಟೆ ತಡೆಯುವ ಟಿಎಸ್-3ಆರ್ ತರಹದ ತಳಿ ತಂದು, ಕೆಜಿ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಹಚ್ಚಿ ಬಿತ್ತಿ. ಆರೂ ಎಕರೆಯನ್ನು ಒಂದೇ ಸಲ ಬದಲಿಸಬೇಕಿಲ್ಲ. ಎರಡೆರಡು ಎಕರೆಯಂತೆ ಮೂರು ತುಂಡು ಮಾಡಿದರೆ ಪ್ರತಿ ವರ್ಷ ಒಂದು ತುಂಡಲ್ಲಿ ತೊಗರಿ ಇದ್ದೇ ಇರುತ್ತದೆ, ಮನೆಗೂ ಆಗುತ್ತದೆ, ಮಾರೋದಕ್ಕೂ ಆಗುತ್ತದೆ.

ಪ್ರಶ್ನೆ: ನಮ್ಮದು ಮಸಾರಿ (ಕೆಂಪು ಮಣ್ಣು), ಅಡಿ ಅಗೆದರೆ ಗರಸು ಕಲ್ಲು. ಹೆಸರು ತೆಗೆದು ಹಿಂಗಾರಿಗೂ ಬಿತ್ತಬಹುದಾ?
– ಓದುಗರು, ಕುಷ್ಟಗಿ ತಾಲ್ಲೂಕು

ಉತ್ತರ: ಬೇಡ. ಅಷ್ಟು ತೆಳು ಮಣ್ಣು ಹಿಂಗಾರಿ ಬೆಳೆಗೆ ಸಾಕಾಗುವಷ್ಟು ಹಸಿ ಹಿಡಿಯೋದಿಲ್ಲ. ಮುಂಗಾರಿನಲ್ಲೇ ಸಜ್ಜೆ ಅಥವಾ ನವಣೆ ಹಾಕಿ, ನಡುನಡುವೆ ತೊಗರಿಯ ಅಕ್ಕಡಿ ಸಾಲು ಬಿಡಿ. ಮಳೆ ತಡವಾಗಿ ಆಗಸ್ಟಿಗೆ ಬಂತು ಅಂದರೆ ಸುಮ್ನೆ ಬೀಳು ಬಿಡಬೇಡಿ, ಹುರುಳಿ ಚೆಲ್ಲಿ.