ಎಲ್‌ಇಡಿ ಬಲ್ಬ್ ಬೇಗ ಹೋಗುವುದೇಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮನೆಯಲ್ಲಿ ಇನ್ನೂ ನಾಲ್ಕು 60 ವಾಟ್ ಗುಂಡು ಬಲ್ಬ್ ಇವೆ. ಗೃಹಜ್ಯೋತಿಯಿಂದ ಬಿಲ್ ಸೊನ್ನೆ ಬರುತ್ತಿದೆ. ಹೀಗಿರುವಾಗ ಎಲ್‌ಇಡಿ ಹಾಕಿ ಏನು ಲಾಭ? (ತಿಪಟೂರಿನ ಓದುಗರು)

ಉತ್ತರ: 60 ವಾಟ್ ಬಲ್ಬ್ ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. ಅಷ್ಟೇ ಬೆಳಕು ಕೊಡುವ 9 ವಾಟ್ ಎಲ್‌ಇಡಿಗೆ 1.35 ಯೂನಿಟ್ ಸಾಕು. ನಾಲ್ಕೂ ಬದಲಾಯಿಸಿದರೆ ತಿಂಗಳಿಗೆ 30 ಯೂನಿಟ್ ಉಳಿಯುತ್ತದೆ. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಉಚಿತವಲ್ಲ. 2022–23ರ ನಿಮ್ಮ ಸರಾಸರಿ ಬಳಕೆಯ ಮೇಲೆ ಶೇ 10ರಷ್ಟು (ಸರಾಸರಿ 48 ಯೂನಿಟ್‌ಗಿಂತ ಕಡಿಮೆ ಇದ್ದವರಿಗೆ 10 ಯೂನಿಟ್) ಸೇರಿಸಿ ಮಿತಿ ಹಾಕಿದ್ದಾರೆ. ಮಿತಿ ದಾಟಿದಷ್ಟಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಬೇಸಿಗೆಯಲ್ಲಿ ಫ್ಯಾನ್ ಹಗಲೂ ರಾತ್ರಿ ತಿರುಗುವಾಗ ಈ 30 ಯೂನಿಟ್ ಬಹಳ ದೊಡ್ಡದು.

ದೇವರ ಮನೆಯ ಝೀರೋ ಬಲ್ಬನ್ನೂ ನೋಡಿ. ಹೆಸರು ಝೀರೋ ಆದರೂ ಹಳೆಯ ಮಾದರಿಯದು 12ರಿಂದ 15 ವಾಟ್ ತಿನ್ನುತ್ತದೆ. ದಿನವಿಡೀ ಉರಿಯುತ್ತಿದ್ದರೆ ತಿಂಗಳಿಗೆ ಹತ್ತು ಯೂನಿಟ್ ಹತ್ತಿರ ಹೋಯಿತು. ಮೊದಲು ಬದಲಾಯಿಸಬೇಕಾದ್ದು ಅದನ್ನೇ. ಅರ್ಧ ವಾಟ್‌ನ ಎಲ್‌ಇಡಿ ಸಿಗುತ್ತದೆ. ಕೋಳಿಮರಿಗೆ ಕಾವು ಕೊಡಲು ಹಾಕಿರುವ ಗುಂಡು ಬಲ್ಬನ್ನು ಮಾತ್ರ ಮುಟ್ಟಬೇಡಿ, ಅಲ್ಲಿ ಬೇಕಾದ್ದು ಶಾಖ, ಎಲ್‌ಇಡಿಯಿಂದ ಅದು ಸಿಗದು.

ಪ್ರಶ್ನೆ: ಪೆಟ್ಟಿಗೆಯ ಮೇಲೆ 25,000 ಗಂಟೆ ಎಂದಿತ್ತು. ಎಂಟು ತಿಂಗಳಲ್ಲೇ ಬಲ್ಬ್ ಹೋಯಿತು. ಮೋಸವೇ? (ತೀರ್ಥಹಳ್ಳಿಯ ಓದುಗರು)

ಉತ್ತರ: ಆ ಲೆಕ್ಕ ಒಳಗಿನ ಎಲ್‌ಇಡಿ ಚಿಪ್‌ಗಳದು. ಅವುಗಳ ಬೆಳಕು ಶೇ 70ಕ್ಕೆ ಇಳಿಯಲು ಹಿಡಿಯುವ ಸಮಯ ಅದು. ಮೊದಲು ಕೆಡುವುದು ಸಾಮಾನ್ಯವಾಗಿ ಚಿಪ್ ಅಲ್ಲ, ಕತ್ತಿನಲ್ಲಿ ಕೂತ ಡ್ರೈವರ್, ಅಂದರೆ ಮನೆಯ ಕರೆಂಟನ್ನು ಚಿಪ್‌ಗಳಿಗೆ ಹೊಂದಿಸಿ ಕೊಡುವ ಸರ್ಕ್ಯೂಟ್. ಅದರ ಕೆಪಾಸಿಟರ್‌ನೊಳಗಿನ ದ್ರವ ಶಾಖಕ್ಕೆ ಒಣಗುತ್ತದೆ. ಶಾಖ 10 ಡಿಗ್ರಿ ಏರಿದರೆ ಅದರ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದ್ದರಿಂದ ಪೂರ್ತಿ ಮುಚ್ಚಿದ ಗಾಜಿನ ಗೋಳದೊಳಗೆ 9 ವಾಟ್‌ಗಿಂತ ದೊಡ್ಡದನ್ನು ಹಾಕಬೇಡಿ, 5 ಅಥವಾ 7 ವಾಟ್ ಇದ್ದರೆ ಇನ್ನೂ ಒಳ್ಳೆಯದು. ಚಿಪ್‌ಗಳನ್ನು ಸರಪಳಿಯಂತೆ ಒಂದಕ್ಕೊಂದು ಜೋಡಿಸಿರುವುದರಿಂದ ಒಂದು ಸುಟ್ಟರೂ ಇಡೀ ಬಲ್ಬ್ ಆರುತ್ತದೆ. ಬಿಚ್ಚಿ ನೋಡಿದರೆ ಕಪ್ಪು ಚುಕ್ಕೆ ಕಾಣುತ್ತದೆ.

ಒಂದೇ ಹೋಲ್ಡರ್‌ನಲ್ಲಿ ಮತ್ತೆ ಮತ್ತೆ ಹೋಗುತ್ತಿದ್ದರೆ ಬಲ್ಬನ್ನು ಬೈಯಬೇಡಿ. ಮೇನ್ ಆಫ್ ಮಾಡಿ ಹೋಲ್ಡರ್ ಒಳಗೆ ನೋಡಿ. ಪಿನ್ ಕಪ್ಪಾಗಿದ್ದರೆ ಅಥವಾ ಸ್ಪ್ರಿಂಗ್ ಸೋತಿದ್ದರೆ ಅಲ್ಲಿ ಕಿಡಿ ಹಾರುತ್ತಿದೆ, ಹೋಲ್ಡರನ್ನೇ ಬದಲಿಸಿ. ಬದಲಿಗೆ ಮನೆಯ ಹಲವು ಬಲ್ಬ್ ಒಟ್ಟಿಗೆ ಹೋದರೆ, ಕೆಲವು ದೀಪ ಪ್ರಖರವಾಗಿ ಕೆಲವು ಮಂಕಾಗಿ ಉರಿದರೆ, ನ್ಯೂಟ್ರಲ್ (ಕರೆಂಟ್ ಮರಳುವ ತಂತಿ) ಸಡಿಲವಾಗಿರುವ ಸಂಭವ ಹೆಚ್ಚು. ಆಗ ಮೇನ್ ಆಫ್ ಮಾಡಿ ಲೈನ್‌ಮನ್‌ಗೆ ತಿಳಿಸಿ. ತಡ ಮಾಡಿದರೆ ಟಿವಿ, ಫ್ರಿಜ್ ಕೂಡ ಹೋಗುತ್ತವೆ. ಮಲೆನಾಡಿನಲ್ಲಿ ಗುಡುಗು ಮಿಂಚಿನ ಕಾಟವೂ ಇದೆ. 4 ಕೆವಿ ಸರ್ಜ್ ರಕ್ಷಣೆ (ವೋಲ್ಟೇಜ್ ಹಠಾತ್ತನೆ ಜಿಗಿದಾಗ ತಡೆದುಕೊಳ್ಳುವ ಶಕ್ತಿ) ಎಂದು ಬರೆದಿರುವ, ಹೆಚ್ಚು ವ್ಯಾಪ್ತಿಯ ವೋಲ್ಟೇಜ್ ತಡೆಯುವ ಬಲ್ಬಿಗೆ ಸ್ವಲ್ಪ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಬಿಲ್ ಎಸೆಯಬೇಡಿ. ಗ್ಯಾರಂಟಿ ಅವಧಿಯೊಳಗೆ ಬದಲಿ ಕೇಳಲು ಅದು ಬೇಕಾಗುತ್ತದೆ.

ಪ್ರಶ್ನೆ: ಸ್ವಿಚ್ ಆಫ್ ಮಾಡಿದರೂ ಎಲ್‌ಇಡಿ ಮಿಣುಕುತ್ತದೆ. ಅಪಾಯವೇ? (ಗದಗದ ಓದುಗರು)

ಉತ್ತರ: ಸ್ವಿಚ್‌ನಲ್ಲೇ ಪುಟ್ಟ ಕೆಂಪು ಇಂಡಿಕೇಟರ್ ಇದ್ದರೆ ಅದರ ಮೂಲಕ ಹರಿಯುವ ಅಲ್ಪ ಕರೆಂಟೇ ಕಾರಣ, ಸಾದಾ ಸ್ವಿಚ್ ಹಾಕಿದರೆ ನಿಲ್ಲುತ್ತದೆ. ಮೆಟ್ಟಿಲಿನ ಎರಡು ಸ್ವಿಚ್‌ನ ದೀಪವಾದರೆ, ಉದ್ದಕ್ಕೂ ಜೊತೆಯಾಗಿ ಹೋಗುವ ತಂತಿಗಳ ನಡುವೆ ಸೋರುವ ಕರೆಂಟ್ ಸಾಕು. ಇವೆರಡರಲ್ಲೂ ಅಪಾಯವಿಲ್ಲ. ಮೂರನೆಯದು ಗಂಭೀರ: ವೈರಿಂಗ್ ಮಾಡಿದವರು ಸ್ವಿಚ್ಚನ್ನು ಫೇಸ್‌ಗೆ (ಕರೆಂಟ್ ಬರುವ ತಂತಿಗೆ) ಕೊಡದೆ ನ್ಯೂಟ್ರಲ್‌ಗೆ ಕೊಟ್ಟಿರಬಹುದು. ಆಗ ಸ್ವಿಚ್ ಆಫ್ ಇದ್ದಾಗಲೂ ಹೋಲ್ಡರ್‌ನಲ್ಲಿ ಫೇಸ್ ಇರುತ್ತದೆ, ಬಲ್ಬ್ ಬದಲಿಸುವ ಕೈಗೆ ಶಾಕ್ ಹೊಡೆಯುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಸರಿಪಡಿಸುವವರೆಗೂ ಮೇನ್ ಆಫ್ ಮಾಡದೆ ಆ ಹೋಲ್ಡರ್‌ಗೆ ಕೈ ಹಾಕಲೇಬೇಡಿ.

ಪ್ರಶ್ನೆ: ಚೆನ್ನಾಗಿಯೇ ಉರಿಯುತ್ತಿರುವ ಸಿಎಫ್‌ಎಲ್‌ಗಳನ್ನು ತೆಗೆದುಬಿಡಬೇಕೆ? (ಪುತ್ತೂರಿನ ಓದುಗರು)

ಉತ್ತರ: ಬೇಡ, ಉರಿಯುವಷ್ಟು ದಿನ ಉರಿಯಲಿ. ಬಚ್ಚಲುಮನೆಯಂಥ ಕಡೆ ಮಾತ್ರ ಎಲ್‌ಇಡಿ ಹಾಕಿ, ಪದೇ ಪದೇ ಹಾಕಿ ಆರಿಸಿದರೆ ಸಿಎಫ್‌ಎಲ್ ಬೇಗ ಸವೆಯುತ್ತದೆ. ಅದರೊಳಗೆ ಕೆಲವು ಮಿಲಿಗ್ರಾಂ ಪಾದರಸ ಇರುವುದರಿಂದ ಒಡೆದಾಗ ಎಚ್ಚರ ಬೇಕು. ಮಕ್ಕಳನ್ನು ಹೊರಗೆ ಕಳಿಸಿ, ಫ್ಯಾನ್ ಆರಿಸಿ, ಕಿಟಕಿ ತೆರೆದು 15 ನಿಮಿಷ ಬಿಡಿ. ಪೊರಕೆ, ವ್ಯಾಕ್ಯೂಮ್ ಎರಡೂ ಬೇಡ, ಪುಡಿ ಇಡೀ ಕೋಣೆಗೆ ಹರಡುತ್ತದೆ. ಚೂರುಗಳನ್ನು ಗಟ್ಟಿ ರಟ್ಟಿನಿಂದ ಗೋರಿ, ಉಳಿದ ಪುಡಿಯನ್ನು ಅಂಟುಪಟ್ಟಿಯಿಂದ ಎತ್ತಿ, ಒದ್ದೆ ಕಾಗದದಿಂದ ಒರೆಸಿ. ಎಲ್ಲವನ್ನೂ ಮುಚ್ಚಳವಿರುವ ಬಾಟಲಿಗೆ ಹಾಕಿ ಇ-ತ್ಯಾಜ್ಯಕ್ಕೆ ಕೊಡಿ. ಒಡೆಯದೆ ಕೆಟ್ಟುಹೋದ ಸಿಎಫ್‌ಎಲ್ ಕೂಡ ಅಲ್ಲಿಗೇ ಹೋಗಬೇಕು, ಹಿತ್ತಿಲ ಗೊಬ್ಬರದ ಗುಂಡಿಗಲ್ಲ.

ಪ್ರಶ್ನೆ: ಮಗಳ ಓದುವ ಮೇಜಿಗೆ ಯಾವ ಬಲ್ಬ್ ತರಲಿ? (ಮೈಸೂರಿನ ಓದುಗರು)

ಉತ್ತರ: ವಾಟ್ ಅಲ್ಲ, ಬೆಳಕಿನ ಅಳತೆಯಾದ ಲುಮೆನ್ ನೋಡಿ: 800ರಿಂದ 900 ಇರಲಿ. ಬಣ್ಣ 4000 ಕೆಲ್ವಿನ್, ಸಿಆರ್‌ಐ (ವಸ್ತುಗಳ ಬಣ್ಣ ಎಷ್ಟು ಸಹಜವಾಗಿ ಕಾಣುತ್ತದೆ ಎಂಬ ಅಂಕ) 80ಕ್ಕಿಂತ ಹೆಚ್ಚು. 6500 ಕೆಲ್ವಿನ್‌ನ ನೀಲಿ ಛಾಯೆಯ ಬಿಳಿ ಬೆಳಕು ರಾತ್ರಿ ಓದುವವರ ನಿದ್ದೆಗೆ ಒಳ್ಳೆಯದಲ್ಲ. ಬಿಐಎಸ್ ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇಲ್ಲದ ಬಲ್ಬನ್ನು ಕೊಳ್ಳಬೇಡಿ. ಅಂಗಡಿಯಲ್ಲೇ ಬಲ್ಬ್ ಉರಿಸಲು ಹೇಳಿ ಮೊಬೈಲ್ ಕ್ಯಾಮೆರಾ ಹಿಡಿಯಿರಿ. ಪರದೆಯ ಮೇಲೆ ದಟ್ಟ ಪಟ್ಟಿಗಳು ಓಡಿದರೆ ಆ ಬಲ್ಬ್ ಕಣ್ಣಿಗೆ ಕಾಣದಂತೆ ಮಿನುಗುತ್ತಿದೆ. ಇನ್ನೊಂದು ಕೊಡಿ ಎನ್ನಿ.