ಇಲ್ಲದ ನಾಡಿಗೊಂದು ಮತ

ಓದುಗರ ಪ್ರಶ್ನೆ, ನಮ್ಮ ಉತ್ತರ

ಕಲ್ಪಿತ ಲೋಕದ ಕಥೆ ಬರೆಯುವವರು ಕಳಿಸಿದ ಪ್ರಶ್ನೆಗಳಲ್ಲಿ ಈ ಸಲ ಮತ, ಪಂಗಡ, ಆಚರಣೆಗೆ ಸಂಬಂಧಿಸಿದವನ್ನು ಆರಿಸಿದ್ದೇವೆ. ಎಲ್ಲವೂ ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯವು. ಮೊದಲ ಪತ್ರದ ಕಲ್ಪಿತ ಮತವನ್ನೇ ಕೊನೆಯ ಉತ್ತರದಲ್ಲೂ ಉದಾಹರಣೆಗೆ ಎಳೆದುಕೊಂಡಿದ್ದೇವೆ.

ಪ್ರಶ್ನೆ: ಸರ್, ನನ್ನ ಕಾದಂಬರಿ ಎರಡು ಹೊಳಿ ನಡುವಿನ ಒಂದು ನಾಡಿಂದು. ಅಲ್ಲಿ ಮಂದಿ ‘ತೂಬಿನ ಮತ’ದವರು. ನೀರು ಯಾರ ಸ್ವತ್ತೂ ಅಲ್ಲ, ತೂಬವ್ವ ಕೊಟ್ಟ ಸಾಲ, ಸಾಯೋದ್ರೊಳಗ ತೀರಿಸಬೇಕು ಅನ್ನೋದು ಅವರ ನಂಬಿಕಿ. ಮತ್ತ ಹನ್ನೊಂದು ದೇವರು, ಏಳು ಶಾಖೆ ಮಾಡೀನಿ. ಒಂದು ಪ್ರೀತಿದು, ಒಂದು ಯುದ್ಧದ್ದು, ಒಂದು ಜ್ಞಾನದ್ದು, ಹಿಂಗ. ಓದಿದ ಗೆಳೆಯ ‘ರೇಷನ್ ಪಟ್ಟಿ ಓದಿದಂಗಾತು’ ಅಂದ. ಎಲ್ಲಿ ತಪ್ಪೀನಿ? (ಸಿಂಧನೂರು)

ಉತ್ತರ: ಸಾಲದ ನಂಬಿಕೆ ಗಟ್ಟಿಯಾಗಿದೆ, ಅದನ್ನು ಮುಟ್ಟಬೇಡಿ. ಉಳಿದ ಹನ್ನೊಂದು ದೇವರನ್ನು ಸದ್ಯ ಕೈಬಿಡಿ. ಪ್ರೀತಿಗೊಂದು, ಯುದ್ಧಕ್ಕೊಂದು ಎಂದು ಖಾತೆ ಹಂಚಿದರೆ ಅದು ಮಂತ್ರಿಮಂಡಲವಾಗುತ್ತದೆ. ಪಂಗಡ ಒಡೆಯುವುದು ಬಹುಮಟ್ಟಿಗೆ ಕೈ ಹೇಗಿಡಬೇಕು, ಯಾವ ದಿನ ಉಪವಾಸ ಮಾಡಬೇಕು, ಯಾರ ನಂತರ ಯಾರು ಎಂಬಂಥ ವಿಷಯಕ್ಕೆ. ತತ್ತ್ವ ಆಮೇಲೆ ಬರುತ್ತದೆ, ಆದ ಜಗಳಕ್ಕೆ ಕಾರಣ ಹೇಳಲು. ರಷ್ಯಾದಲ್ಲಿ 1650ರ ದಶಕದಲ್ಲಿ ಧರ್ಮಗುರು ನಿಕಾನ್ ಶಿಲುಬೆಯ ಗುರುತು ಹಾಕಿಕೊಳ್ಳುವಾಗ ಎರಡು ಬೆರಳಿನ ಬದಲು ಮೂರು ಬೆರಳು ಜೋಡಿಸಿ ಎಂದ. ಪೂಜಾಗ್ರಂಥಗಳಲ್ಲಿ ಇನ್ನಷ್ಟು ತಿದ್ದುಪಡಿಯೂ ಆಯಿತು. ಒಪ್ಪದವರು ಬೇರೆಯಾದರು, ಸೆರೆ ಕಂಡರು, ಸತ್ತರು. ಆ ‘ಹಳೆ ನಂಬಿಕೆ’ಯವರು ಇವತ್ತಿಗೂ ಇದ್ದಾರೆ.

ಹಾಗಾಗಿ ಮೊದಲು ಒಂದು ಆಚರಣೆ ಕಟ್ಟಿ, ಕೈಕಾಲು ಆಡುವಷ್ಟು ವಿವರವಾಗಿ. ಕಾಲುವೆಗೆ ಮೊದಲ ನೀರು ಬಿಟ್ಟ ದಿನ ಮನೆಯ ಹಿರಿಯಳು ಮೂರು ಬೊಗಸೆ ನೀರೆತ್ತುತ್ತಾಳೆ ಎಂದಿಟ್ಟುಕೊಳ್ಳಿ. ಒಂದು ತೂಬಿನ ಕಲ್ಲಿಗೆ, ಒಂದು ತನ್ನ ಹೊಲಕ್ಕೆ. ಮೂರನೆಯದು ‘ಸಾಲದ ಬೊಗಸೆ’, ಅದನ್ನು ಕೆಳಗಿನ ಹೊಲದವರ ಬದುವಿನವರೆಗೆ ನಡೆದು ಹೋಗಿ ಸುರಿಯಬೇಕು. ಈಗ ನೀವೇ ನಲ್ಲಿ ಹತ್ತಿರ ನಿಂತು ಬೊಗಸೆ ತುಂಬಿಕೊಂಡು ನಡೆದು ನೋಡಿ. ಕಿರುಬೆರಳಿನ ಸಂದಿಯಿಂದ ಸೋರಿ ಮೊಣಕೈಗೆ ಇಳಿಯುತ್ತದೆ, ಅಂಗಳ ದಾಟುವಷ್ಟರಲ್ಲಿ ಅಂಗೈ ಹಸಿ ಮಾತ್ರ ಉಳಿದಿರುತ್ತದೆ. ನಿಮ್ಮ ಮತ ಒಡೆಯುವ ಜಾಗ ಇದೇ: ದಾರಿಯಲ್ಲಿ ಸೋರಿದ್ದು ಸಾಲಕ್ಕೆ ಜಮೆಯೋ, ಇಲ್ಲವೋ?

ಸೋರಿದ್ದೂ ನೆಲಕ್ಕೇ ಬಿತ್ತು, ಹಸಿ ಅಂಗೈ ಬದುವಿಗೆ ಒತ್ತಿದರೆ ಸಾಕು ಅನ್ನುವವರು ಬೊಗಸೆಯವರು. ಅಳತೆ ಇಲ್ಲದ ಸಾಲ ಎಂಥ ಸಾಲ ಎಂದು ತಾಮ್ರದ ಪಾತ್ರೆ ಹಿಡಿದವರು ತಂಬಿಗೆಯವರು. ತಂಬಿಗೆಗೆ ದುಡ್ಡು ಬೇಕು, ಹಾಗಾಗಿ ಅವರು ಕಾಲುವೆಯ ಮೇಲ್ಭಾಗದವರು, ಎರಡು ಬೆಳೆ ನೆಲ್ಲು ಕಾಣುವವರು. ಮೂರನೆಯವರು ಯಾರೆಂದು ಸಿಂಧನೂರಿನವರಿಗೆ ನಾವು ಹೇಳಬೇಕೇ? ಮುನಿರಾಬಾದಿನಿಂದ ಹೊರಟ ತುಂಗಭದ್ರಾ ಎಡದಂಡೆ ಕಾಲುವೆ ಇನ್ನೂರು ಕಿ.ಮೀ.ಗೂ ಹೆಚ್ಚು ಓಡುತ್ತದೆ. ಕೊನೆ ಭಾಗದ ರೈತರ ಕೂಗು ಪ್ರತಿ ವರ್ಷ ಪೇಪರಿನಲ್ಲಿ ಇರುತ್ತದೆ. ನಿಮ್ಮ ನಾಡಿನ ಕೊನೆ ಭಾಗದವರಿಗೆ ಹಬ್ಬದ ದಿನ ನೀರೇ ಬಂದಿರುವುದಿಲ್ಲ. ಅವರು ಒಣ ಕಾಲುವೆಗೆ ಇಳಿದು, ಬಿರಿದ ಎರೆಮಣ್ಣಿನ ಹೆಂಟೆಯನ್ನು ಬೊಗಸೆಯಲ್ಲಿ ಎತ್ತುತ್ತಾರೆ. ಹೊತ್ತುಕೊಂಡು ಹೋಗುವುದು ಕೆಳಕ್ಕಲ್ಲ, ಮೇಲಕ್ಕೆ, ಮೇಲಿನ ಹೊಲದವರ ಬದುವಿಗೆ.

ಇಲ್ಲಿಂದ ತತ್ತ್ವ ತಾನಾಗಿ ಹುಟ್ಟುತ್ತದೆ. ತಂಬಿಗೆಯವರ ಪ್ರಕಾರ ಮನುಷ್ಯ ಸಾಲಗಾರ, ಲೆಕ್ಕ ತೀರಿಸಿ ಸಾಯಬೇಕು. ಅದಕ್ಕೆ ಹೆಣದ ಪಕ್ಕ ತಂಬಿಗೆ ಬೋರಲು ಹಾಕುತ್ತಾರೆ. ಬೊಗಸೆಯವರ ಪ್ರಕಾರ ಸಾಲ ತೀರುವುದೇ ಇಲ್ಲ, ತೀರಿಸಲು ನಡೆದದ್ದೇ ಪುಣ್ಯ. ಹೆಣದ ಕೈ ಜೋಡಿಸಿ ಕಟ್ಟುತ್ತಾರೆ. ಕೊನೆ ಭಾಗದವರು ಹೇಳುವುದೇ ಬೇರೆ: ನಮಗೆ ಬರಬೇಕಾದ್ದು ಬಂದಿಲ್ಲ, ನಾವೇ ಸಾಲ ಕೊಟ್ಟವರು. ಅವರ ಹೆಣದ ಅಂಗೈ ಮೇಲ್ಮುಖವಾಗಿ ತೆರೆದೇ ಇರುತ್ತದೆ, ವಸೂಲಿಗೆ.

ಹೆಸರಿಡುವಾಗ ಒಂದು ಎಚ್ಚರ. ಪಂಗಡದ ಹೆಸರು ಸಾಮಾನ್ಯವಾಗಿ ಎದುರಿನವರು ಇಟ್ಟದ್ದು, ಹಲವು ಸಲ ಬೈಗುಳ. ಕೊನೆ ಭಾಗದವರನ್ನು ‘ಒಣಬೊಗಸೆ’ ಎಂದು ಮೇಲಿನವರು ಅನ್ನಲಿ. ಅವರು ತಮ್ಮನ್ನು ‘ತುದಿಯವರು’ ಎಂದೇ ಕರೆದುಕೊಳ್ಳಲಿ. ಯಾವ ಪಾತ್ರ ಯಾವ ಹೆಸರು ಬಳಸುತ್ತದೆ ಎಂಬುದರಲ್ಲೇ ಅದರ ಪಂಗಡ ತಿಳಿಯಬೇಕು, ನೀವು ಬಿಡಿಸಿ ಹೇಳಬಾರದು.

ಒಡಕಿಗೆ ಒಂದು ಘಟನೆಯೂ ಬೇಕು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಿ ನೀರು ಹೊಳೆಗೆ ಬಿಡಬೇಕಾಯಿತು. ನಮ್ಮಲ್ಲಿ ಅದು ಚೈನಿನ ದುರಸ್ತಿಯ ಪ್ರಶ್ನೆ. ನಿಮ್ಮ ನಾಡಿನಲ್ಲಿ ತೂಬಿನ ಕಲ್ಲು ಒಂದು ರಾತ್ರಿ ಕಿತ್ತುಹೋದರೆ, ಅವ್ವ ಸಾಲ ಮನ್ನಾ ಮಾಡಿದಳೆಂದು ಒಬ್ಬರು, ಜಪ್ತಿಗೆ ಬಂದಳೆಂದು ಇನ್ನೊಬ್ಬರು ಅನ್ನುತ್ತಾರೆ. ಏಳು ಶಾಖೆಯಲ್ಲಿ ಉಳಿದ ನಾಲ್ಕು ಬೇಡ. ಓದುಗನ ನೆನಪಿನಲ್ಲಿ ಮೂರೇ ನಿಲ್ಲುವುದು.

ಪ್ರಶ್ನೆ: ನನ್ನ ಲೋಕದಲ್ಲಿ ವರ್ಷಕ್ಕೆ 360 ದಿನ, 28 ದಿನಕ್ಕೊಮ್ಮೆ ಹುಣ್ಣಿಮೆ, ಹನ್ನೆರಡು ತಿಂಗಳು. ಹಬ್ಬದ ದಿನದ ಮೇಲೆ ಎರಡು ಪಂಗಡ ಹೊಡೆದಾಡಬೇಕು. ನಂಬುವಂಥ ಕಾರಣ ಕೊಡಿ. (ಕೊಪ್ಪಳ)

ಉತ್ತರ: ಕಾರಣ ನಿಮ್ಮ ಲೆಕ್ಕದಲ್ಲೇ ಬಿದ್ದಿದೆ, ನೀವು ಗುಣಿಸಿಲ್ಲ ಅಷ್ಟೆ. 28×12 ಅಂದರೆ 336, ವರ್ಷಕ್ಕೆ 24 ದಿನ ಕಮ್ಮಿ. 28×13 ಅಂದರೆ 364, ನಾಲ್ಕು ದಿನ ಹೆಚ್ಚು. ಹಾಗಾಗಿ ನಿಮ್ಮವರಿಗೆ ಹದಿಮೂರು ತಿಂಗಳ ವರ್ಷವೇ ರೂಢಿಯಾಗುತ್ತದೆ. ವರ್ಷಕ್ಕೆ ನಾಲ್ಕರಂತೆ ಆರು ವರ್ಷಕ್ಕೆ 24 ದಿನ ಹಿಗ್ಗಿ, ಏಳನೆಯ ವರ್ಷ ಒಂದು ತಿಂಗಳು ಕಳೆದರೆ ಸರಿಹೋಗುತ್ತದೆ. ಏಳು ವರ್ಷಕ್ಕೆ 2520 ದಿನ, 90 ತಿಂಗಳು, ಒಂದು ದಿನವೂ ವ್ಯತ್ಯಾಸವಿಲ್ಲ. ಆ ಏಳನೆಯದನ್ನು ‘ಕುಂದು ವರ್ಷ’ ಎನ್ನಿ.

ನಮ್ಮ ಪಂಚಾಂಗದ ತೊಡಕು ಇದರ ತಿರುವುಮುರುವು. ಚಾಂದ್ರಮಾಸ ಸುಮಾರು 29.5 ದಿನ, ಹನ್ನೆರಡಕ್ಕೆ 354, ವರ್ಷಕ್ಕೆ 11 ದಿನ ಕೊರತೆ. ಅದಕ್ಕೆ 19 ವರ್ಷದಲ್ಲಿ ಏಳು ಅಧಿಕಮಾಸ ಸೇರಿಸಿ ಸರಿದೂಗಿಸುತ್ತೇವೆ. ಹಿಜರಿ ಲೆಕ್ಕದಲ್ಲಿ ಸೇರಿಸುವುದಿಲ್ಲ, ಹಾಗಾಗಿ ಮೊಹರಂ ವರ್ಷ ವರ್ಷ 11 ದಿನ ಹಿಂದೆ ಸರಿದು, ಸುಮಾರು 33 ವರ್ಷಕ್ಕೆ ಎಲ್ಲ ಋತು ಸುತ್ತಿ ಬರುತ್ತದೆ.

ಈಗ ಜಗಳ ಕೇಳಿ. ಕುಂದು ವರ್ಷದಲ್ಲಿ ಯಾವ ತಿಂಗಳನ್ನು ಬಿಡಬೇಕು? ಕಂದಾಯ ಕಟ್ಟುವ ತಿಂಗಳು ಬಿಟ್ಟರೆ ರೈತನಿಗೆ ಹಬ್ಬ, ಅರಮನೆಗೆ ಖೋತಾ. ವರ್ಷಕ್ಕೆ ಇಷ್ಟು ಚೀಲ ಜೋಳ ಎಂದು ದುಡಿಯುವ ಸಂಬಳದಾಳು 364 ದಿನದ ಬದಲು 336 ದಿನ ದುಡಿದು ಅದೇ ಜೋಳ ಒಯ್ಯುತ್ತಾನೆ. ತಿಂಗಳ ಬಡ್ಡಿ ಎಣಿಸುವ ಸಾಹುಕಾರನಿಗೆ ಒಂದು ಬಡ್ಡಿ ಹೋಯಿತು. ಆಳುಗಳ ಓಣಿ ಕುಂದು ವರ್ಷವನ್ನು ದೇವರ ಕಟ್ಟಳೆ ಅನ್ನುತ್ತದೆ, ಸಾಹುಕಾರರ ಓಣಿ ಅದು ಮನುಷ್ಯ ಮಾಡಿದ ಮೋಸ ಅನ್ನುತ್ತದೆ. ತಿಂಗಳು ಬಿಡದವರ ಹಬ್ಬ ವರ್ಷಕ್ಕೆ ನಾಲ್ಕು ದಿನ ಮುಂದೆ ಸರಿಯುತ್ತ ಇಪ್ಪತ್ತು ವರ್ಷಕ್ಕೆ 80 ದಿನ ಆಚೆ ಹೋಗಿರುತ್ತದೆ. ಬಿತ್ತನೆಯ ಹಾಡನ್ನು ರಾಶಿ ಮಾಡುವಾಗ ಹಾಡಬೇಕು. ಹಾಡಿನ ಅರ್ಥ ಬದಲಾಗದೆ ಇದ್ದೀತೇ? ಒಂದು ಸುತ್ತು ಮುಗಿಯಲು ಅವರ ಲೆಕ್ಕದಲ್ಲಿ 90 ವರ್ಷ, ಅಂದರೆ ಒಂದು ಆಯುಷ್ಯದಲ್ಲಿ ಯಾರೂ ಪೂರ್ತಿ ಕಾಣುವುದಿಲ್ಲ.

ಇಷ್ಟು ದೊಡ್ಡ ವ್ಯತ್ಯಾಸ ಬೇಡ, ಒಂದೇ ದಿನದ ಜಗಳ ಸಾಕು ಅನ್ನಿಸಿದರೆ ಏಕಾದಶಿ ನೋಡಿ. ಸ್ಮಾರ್ತರು ಸೂರ್ಯೋದಯಕ್ಕೆ ಯಾವ ತಿಥಿ ಇದೆ ಎಂದು ನೋಡುತ್ತಾರೆ. ವೈಷ್ಣವರಿಗೆ ಅದಕ್ಕೂ ನಾಲ್ಕು ಘಳಿಗೆ ಮೊದಲಿನ ಅರುಣೋದಯಕ್ಕೇ ದಶಮಿ ಮುಗಿದಿರಬೇಕು, ಇಲ್ಲದಿದ್ದರೆ ಉಪವಾಸ ಮರುದಿನಕ್ಕೆ. ಘಳಿಗೆಗೆ 24 ನಿಮಿಷ, ಒಟ್ಟು 96 ನಿಮಿಷ. ಈ ಒಂದೂವರೆ ತಾಸಿನ ಅಂತರಕ್ಕೆ ಒಂದೇ ಓಣಿಯಲ್ಲಿ ಒಂದು ಮನೆಯಲ್ಲಿ ಒಲೆ ಉರಿಯುತ್ತದೆ, ಪಕ್ಕದ್ದರಲ್ಲಿ ಇಲ್ಲ. ಕಥೆಗಾರನಿಗೆ ಆ ಒಲೆಯ ಹೊಗೆ ಸಾಕು.

ಪ್ರಶ್ನೆ: ಮೈಲಾರದ ಕಾರ್ಣಿಕದಂಥ ಭವಿಷ್ಯವಾಣಿ ಒಂದನ್ನ ಇಡಬೇಕಂತ ಮಾಡೀನಿ. ಬರೆದದ್ದೆಲ್ಲ ಒಗಟು ಆಗಾಕತ್ತೈತಿ. (ಸಿರುಗುಪ್ಪ)

ಉತ್ತರ: ನೀವು ಕಳಿಸಿದ ಎಂಟು ಸಾಲಿನ ಪದ್ಯದಲ್ಲಿ ರಾಜ, ಕತ್ತಿ, ಕಪ್ಪು ಸೂರ್ಯ ಎಲ್ಲ ಇವೆ. ತೊಂದರೆಯೇ ಅದು. ಕಾರ್ಣಿಕ ಒಂದೇ ಸಾಲು, ಅಲ್ಲಿ ವ್ಯಕ್ತಿಯ ಹೆಸರಿಲ್ಲ, ತಾರೀಖಿಲ್ಲ. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯ, ಅಂದರೆ ಮೈಲಾರಲಿಂಗನ ಸೇವಕ, ಎತ್ತರದ ಬಿಲ್ಲೇರಿ ‘ಸದ್ದಲೇ’ ಎಂದಾಗ ಲಕ್ಷಾಂತರ ಮಂದಿ ಗಪ್ಪಾಗುತ್ತಾರೆ. ಒಂದು ನುಡಿ, ಕೊನೆಗೆ ‘ಪರಾಕ್’. ಮೇಲಿನಿಂದ ಬಿದ್ದವನನ್ನು ಕೆಳಗಿನವರು ಹಿಡಿಯುತ್ತಾರೆ. ಮಳೆ, ಬೆಳೆ, ರಾಜಕೀಯ ಎಂದು ಅರ್ಥ ಬಿಡಿಸುವ ಕೆಲಸ ಕೇಳಿದವರದು. ಮೈಲಾರ 2021ರವರೆಗೆ ನಿಮ್ಮ ಜಿಲ್ಲೆಯಲ್ಲೇ ಇತ್ತು, ಈಗ ವಿಜಯನಗರಕ್ಕೆ ಸೇರಿದೆ. ಒಮ್ಮೆ ಹೋಗಿ ಆ ಮೌನ ಕೇಳಿ ಬನ್ನಿ.

ನಿಮ್ಮ ಸಾಲು ನಾಲ್ಕೈದು ಪದ ಮೀರದಿರಲಿ, ಕ್ರಿಯಾಪದ ಒಂದೇ ಇರಲಿ, ಕರ್ತೃ ಕಣ್ಣಿಗೆ ಕಾಣುವ ವಸ್ತುವಾಗಿರಲಿ. ಒಡಕು ಬೇಕಿದ್ದರೆ ಅರ್ಥದಲ್ಲಿ ಹುಡುಕುವ ಬದಲು ಕಿವಿಯಲ್ಲಿ ಹುಡುಕಿ. ‘ಹೊಳಿ ತುಂಬೀತಲೇ’ ಎಂದು ಮುಂದೆ ನಿಂತವರಿಗೆ ಕೇಳಿಸಿತು, ‘ಹೊಲ ತುಂಬೀತಲೇ’ ಎಂದು ಹಿಂದಿನವರಿಗೆ. ಒಂದು ಪ್ರವಾಹ, ಇನ್ನೊಂದು ಸುಗ್ಗಿ. ಮುಂದೆ ನಿಲ್ಲುವ ಹಕ್ಕು ಯಾರಿಗಿತ್ತು ಎಂಬುದನ್ನು ಮೊದಲ ಅಧ್ಯಾಯದಲ್ಲೇ ತೋರಿಸಿಬಿಡಿ.

ಪ್ರಶ್ನೆ: ಕಲ್ಪಿತ ಮತಕ್ಕೆ ಒಂದು ಧರ್ಮಗ್ರಂಥ ಬೇಕೇ ಬೇಕಾ? (ಮಸ್ಕಿ)

ಉತ್ತರ: ಬೇಕಿಲ್ಲ. ಬೇಕೆಂದರೂ ಯಾರೂ ಓದಲಾರದ್ದು ಹೆಚ್ಚು ಕೆಲಸಕ್ಕೆ ಬರುತ್ತದೆ. ನಿಮ್ಮೂರ ಬಂಡೆಯ ಅಶೋಕನ ಶಾಸನ ಬೆಳಕಿಗೆ ಬಂದದ್ದು 1915ರಲ್ಲಿ. ಶಾಸನಗಳಲ್ಲಿ ಬರುವ ‘ದೇವಾನಾಂಪ್ರಿಯ’ ಎಂಬ ಬಿರುದಿನ ರಾಜ ಅಶೋಕನೇ ಎಂದು ಗಟ್ಟಿಯಾದದ್ದು ಅದರಲ್ಲಿ ಅವನ ಹೆಸರಿದ್ದುದರಿಂದ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ, ಮತ್ತು ಆ ಲಿಪಿಯನ್ನು ಓದುವುದೇ ಎಷ್ಟೋ ಶತಮಾನ ಮರೆತುಹೋಗಿತ್ತು. ನಿಮ್ಮ ಲೋಕದಲ್ಲೂ ಕೆತ್ತಿದ್ದಕ್ಕೂ ಓದಿದ್ದಕ್ಕೂ ನಡುವೆ ಸಾವಿರ ವರ್ಷ ಬಿಡಿ. ಆ ನಡುವೆ ಮಂದಿ ಅಕ್ಷರಕ್ಕೆ ಎಣ್ಣೆ ಹಚ್ಚಿ, ಅರಿಶಿನ ಬಳಿದು, ತಮಗೆ ಬೇಕಾದ್ದನ್ನು ಓದಿಕೊಂಡಿರುತ್ತಾರೆ. ಕೊನೆಗೊಬ್ಬ ನಿಜವಾಗಿ ಓದಿದಾಗ ಅದು ಕುರಿ ಮಾರಾಟದ ತೆರಿಗೆ ಪಟ್ಟಿ ಆಗಿರಲಿ. ಅವನನ್ನು ಊರು ಏನು ಮಾಡುತ್ತದೆ ಎಂಬುದು ನಿಮ್ಮ ಕಥೆ.

ಪ್ರಶ್ನೆ: ಎರಡು ಪಂಗಡದ ನಡುವೆ ರಾಜಿ ಮಾಡುವ ಮೂರನೇ ಪಂಗಡ ತಂದಿದ್ದೇನೆ. ಅದು ಸಪ್ಪೆ ಅನ್ನಿಸುತ್ತಿದೆ. (ಯಲಬುರ್ಗಾ)

ಉತ್ತರ: ಅರ್ಧ ಇವರದು, ಅರ್ಧ ಅವರದು ಎಂದು ಬೆರೆಸಿದರೆ ಸಪ್ಪೆಯೇ. ಕನ್ನಡ ನಾಡಿನ ಉತ್ತರ ಭಾಗದಲ್ಲಿ ಬೇರುಬಿಟ್ಟಿದ್ದ ಜೈನರ ಯಾಪನೀಯ ಸಂಘವನ್ನು ನೋಡಿ. ಅವರ ಮುನಿಗಳು ದಿಗಂಬರರಂತೆ ಬತ್ತಲೆ. ಆದರೆ ಹೆಣ್ಣಿಗೆ ಅದೇ ಜನ್ಮದಲ್ಲಿ ಮೋಕ್ಷವುಂಟು, ಕೇವಲಜ್ಞಾನಿಯೂ (ಎಲ್ಲವನ್ನೂ ಅರಿತವನೂ) ಆಹಾರ ತೆಗೆದುಕೊಳ್ಳುತ್ತಾನೆ ಎಂಬ ಶ್ವೇತಾಂಬರರ ಮಾತು ಅವರಿಗೆ ಒಪ್ಪಿತ. ಪ್ರತಿ ವಿಷಯದಲ್ಲೂ ಅವರ ನಿಲುವು ಪೂರ್ತಿಯಾದದ್ದು, ಎಲ್ಲೂ ಅರೆಮನಸ್ಸಿಲ್ಲ. ನೂರಾರು ವರ್ಷ ಬಾಳಿ ಕೊನೆಗೆ ದಿಗಂಬರರಲ್ಲಿ ಕರಗಿಹೋದರು. ಅವರ ಬಸದಿಗಳು ಉಳಿದವು, ಹೆಸರು ಶಾಸನಗಳಲ್ಲಿ ಉಳಿಯಿತು.

ಹಾಗೆಯೇ ನಿಮ್ಮ ನಡುವಿನವರು ಆಚರಣೆಯನ್ನು ಒಬ್ಬರಿಂದ, ಮೋಕ್ಷದ ಮಾತನ್ನು ಇನ್ನೊಬ್ಬರಿಂದ ಇಡಿಯಾಗಿ ತೆಗೆದುಕೊಳ್ಳಲಿ. ಆಗ ಇಬ್ಬರಿಗೂ ಅವರನ್ನು ಕಂಡರೆ ಮೈ ಉರಿಯುತ್ತದೆ, ರಾಜಿ ಮಾಡಲು ಯಾರೂ ಕರೆಯುವುದಿಲ್ಲ. ಸಪ್ಪೆತನ ಅಲ್ಲಿಗೆ ಹೋಯಿತು.

ಪ್ರಶ್ನೆ: ಹೊಡೆದಾಡೋ ಪಂಗಡಗಳು ಒಂದಾಗಿ ಮಾಡೋ ಹಬ್ಬ ಇಟ್ಟರ ಸುಳ್ಳು ಅನ್ನಿಸಲ್ಲೇನ್ರಿ? (ಮುದಗಲ್)

ಉತ್ತರ: ಮುದಗಲ್ಲಿನವರೇ ಹೀಗೆ ಕೇಳಿದರೆ ಹೇಗ್ರಿ! ನಿಮ್ಮೂರ ಮೊಹರಂನಲ್ಲಿ ಹರಕೆ ಹೊತ್ತವರಲ್ಲಿ ಯಾರ‍್ಯಾರು ಇರುತ್ತಾರೆ, ಅಲಾಯಿ ಕುಣಿಯ (ಮೊಹರಂನ ಬೆಂಕಿಗುಂಡಿಯ) ಸುತ್ತ ಹೆಜ್ಜೆ ಹಾಕುವವರು ಯಾರು ಎಂದು ನೀವೇ ನೋಡಿರುತ್ತೀರಿ. ಸುಳ್ಳೆನಿಸುವುದು, ಒಂದಾಗಲು ಒಳ್ಳೆಯ ಮನಸ್ಸನ್ನಷ್ಟೇ ಕಾರಣ ಕೊಟ್ಟಾಗ. ಕೆಲಸ ಹಂಚಿ. ತೂಬಿನ ಕಲ್ಲೆತ್ತುವ ಹಬ್ಬದಲ್ಲಿ ಹಗ್ಗ ಹೊಸೆಯುವ ಹಕ್ಕು ತುದಿಯವರದು, ಕಲ್ಲಿಗೆ ಸವರುವ ಎಣ್ಣೆ ತಂಬಿಗೆಯವರದು, ಎಳೆಯುವ ತೋಳು ಬೊಗಸೆಯವರದು. ಮೂರರಲ್ಲಿ ಒಂದು ತಪ್ಪಿದರೂ ಕಲ್ಲು ಏಳುವುದಿಲ್ಲ, ಯಾರ ಹೊಲಕ್ಕೂ ನೀರಿಲ್ಲ. ಇಷ್ಟು ಬರೆದಿಟ್ಟು, ಒಂದು ವರ್ಷ ಹಗ್ಗವನ್ನು ತಡವಾಗಿ ಬರಿಸಿ.